ಮೇಲೆ ನೋಡುವ ಮುಖಗಳು

ಇಲ್ಕಾ ಸಾಂತೋ ನ್ಯೂಯಾರ್ಕಿಗೆ ಬಂದಿಳಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸವೆಂದರೆ ಅಳಿಸುವುದು. ಬೇರೆಯವರು ಪೆನ್ಸಿಲಿನಲ್ಲಿ ಬರೆದು ಶಾಯಿಯಲ್ಲಿ ತಿದ್ದಿದ ಕಾಮಿಕ್ಸ್ ಚಿತ್ರಗಳ ಹಾಳೆ ಅವಳ ಮೇಜಿಗೆ ಬರುತ್ತಿತ್ತು. ಉಳಿದ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಉಜ್ಜಿ ತೆಗೆಯಬೇಕು, ಗುರುತು ಹಾಕಿದ ಕಡೆಯೆಲ್ಲ ಕಪ್ಪು ತುಂಬಬೇಕು, ಪುಡಿ ಕೊಡವಿ ಮುಂದಿನವರಿಗೆ ದಾಟಿಸಬೇಕು. ಬುಡಾಪೆಸ್ಟಿನಲ್ಲಿ ಸಿನಿಮಾ ಮಂದಿರಗಳ ಮುಂಗೋಡೆಗೆ ಮೂರಾಳೆತ್ತರದ ಚಿತ್ರ ಬರೆಯುತ್ತಿದ್ದವಳು ಅವಳು. ಅಟ್ಟಣೆಯ ಮೇಲೆ ನಿಂತು, ತಲೆಗೆ ಬಟ್ಟೆ ಬಿಗಿದು, ಬಕೆಟ್ಟಿನಲ್ಲಿ ಬಣ್ಣ ಕಲಸಿ, ನಾಯಕಿಯ ಒಂದು ಕಣ್ಣಿಗೇ ಅರ್ಧ ದಿನ ಕೊಡುತ್ತಿದ್ದವಳು. ಈಗ ಅಂಗೈಯಗಲದ ಚೌಕಗಳಲ್ಲಿ ಯಾರದೋ ಬೂಟಿಗೆ ಕಪ್ಪು ಬಳಿಯುತ್ತ ಕೂತಿದ್ದಳು.

ಅಣ್ಣ ಮಿಕ್ಲೋಶನಿಗೆ ಇದು ಸಹಿಸದ ಮಾತು. ಅವನು ಊರಿನಲ್ಲಿ ದಂತವೈದ್ಯ. ಇಲ್ಲಿ ಅವನ ಪದವಿಗೆ ಬೆಲೆಯಿಲ್ಲದೆ ಒಂದು ನೆಲಮಾಳಿಗೆಯಲ್ಲಿ ಬೇರೆ ವೈದ್ಯರ ರೋಗಿಗಳಿಗೆ ಕಟ್ಟುಹಲ್ಲು ಎರಕ ಹೊಯ್ಯುತ್ತಿದ್ದ. ಅಣ್ಣ ತಂಗಿ ಇಬ್ಬರೂ, ಹಂಗೇರಿಯವರೇ ತುಂಬಿದ ಯಾರ್ಕ್‌ವಿಲ್ ಬಡಾವಣೆಯಲ್ಲಿ, ಒಂದು ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಬೆಳಗಾಗುವುದರೊಳಗೆ ಹಾಸಿಗೆಯವರೆಗೂ ಗಸಗಸೆ ಬೇಯುವ ವಾಸನೆ ಬರುತ್ತಿತ್ತು.

"ಊರಲ್ಲಿ ನಿನ್ನ ಚಿತ್ರ ನೋಡೋಕೆ ಟ್ರ್ಯಾಮು ನಿಧಾನ ಆಗ್ತಿತ್ತು," ಎಂದು ಅವನು ಸೂಪಿಗೆ ಬ್ರೆಡ್ಡು ಅದ್ದುತ್ತ ಹೇಳಿದ. "ಇಲ್ಲಿ ನೋಡಿದ್ರೆ ಹುಡುಗ್ರ ಪುಸ್ತಕದ ಕಸ ಗುಡಿಸ್ತಿದೀಯ."

"ನೀನು ಅಲ್ಲಿ ಹಲ್ಲು ಕೀಳ್ತಿದ್ದೆ, ಇಲ್ಲಿ ಹಲ್ಲು ಮಾಡ್ತಿದೀಯ. ನಿಂಗೆ ಬಡ್ತಿ ಸಿಕ್ಕಿದೆ ಅಂದ್ಕೊ, ಅಣ್ಣಾ."

ಅವನು ನಗಲಿಲ್ಲ. ಊರಿನ ಮಾತು ಬಂತೆಂದರೆ ಇಬ್ಬರಿಗೂ ತಾಯಿಯ ನೆನಪಾಗುತ್ತಿತ್ತು. ಯೆಹೂದಿಗಳಿಗೆ ಊರಲ್ಲಿ ಉಳಿಗಾಲವಿಲ್ಲವೆಂದು ಮಕ್ಕಳು ಹೊರಟಾಗ ಆಕೆ ಬರಲೊಪ್ಪಿರಲಿಲ್ಲ. ಮದುವೆಯಾಗಿ ಕಾಲಿಟ್ಟ ಕಟ್ಟಡ, ಮಹಡಿ ಮಹಡಿಯಲ್ಲೂ ಗುರುತಿನವರು. "ನಂಗೇನಾಗತ್ತೆ? ಅಷ್ಟೂ ಮನೆಯವರು ನನ್ನ ಕೈಯಿಂದ ಉಪ್ಪು ಸಕ್ಕರೆ ಸಾಲ ತಗೊಂಡಿದಾರೆ," ಎಂದು ಮಕ್ಕಳನ್ನು ಮಾತ್ರ ರೈಲು ಹತ್ತಿಸಿದ್ದಳು.

ಇಲ್ಕಾ ಕೆಲಸಕ್ಕಿದ್ದದ್ದು ಮೋ ಗಿಟಲ್‌ಸನ್ ಎಂಬವನ ಕಂಪನಿಯಲ್ಲಿ. ಆತ ಮೊದಲು ಹೆಂಗಸರ ಒಳಉಡುಪಿನ ಕ್ಯಾಟಲಾಗು ಅಚ್ಚು ಹಾಕಿಸುತ್ತಿದ್ದವನು. ಬಿಗಿ ಬಟ್ಟೆ ತೊಟ್ಟು ಹಾರುವ ಗಂಡಸರ ಪುಸ್ತಕ ಹತ್ತು ಸೆಂಟಿಗೆ ಬಿಸಿ ಬ್ರೆಡ್ಡಿನಂತೆ ಖರ್ಚಾಗುವುದನ್ನು ಕಂಡು ಕ್ಯಾಟಲಾಗಿನ ವ್ಯಾಪಾರ ಮುಚ್ಚಿ ಕಾಮಿಕ್ಸಿಗೆ ಇಳಿದಿದ್ದ. "ನಂಗೇನೂ ಹೊಸದಲ್ಲ. ಆಗಲೂ ಬಿಗಿ ಬಟ್ಟೆ, ಈಗಲೂ ಬಿಗಿ ಬಟ್ಟೆ," ಎನ್ನುತ್ತಿದ್ದ. ಅವನ ಪುಸ್ತಕಗಳಲ್ಲಿ ಮುಖ್ಯವಾದದ್ದು 'ಮೇಜರ್ ಕೋಬಾಲ್ಟ್'. ಹಗಲಿನಲ್ಲಿ ಹವಾಮಾನ ಕಚೇರಿಯ ಬಡಪಾಯಿ ಗುಮಾಸ್ತ, ಆಪತ್ತು ಬಂತೆಂದರೆ ನೀಲಿ ಉಡುಪು ತೊಟ್ಟು ಹಾರಿ ಬರುವ ಶೂರ. ಅದರ ಚಿತ್ರ ಬರೆಯುವವನು ಹ್ಯಾಲ್ ಡ್ರಿಸ್ಕಾಲ್, ಬ್ರೂಕ್ಲಿನ್ನಿನ ಐರಿಶ್ ಮನೆತನದವನು, ಎತ್ತರದ ಆಳು, ಮಾತು ಬಲು ಸಿಹಿ. ಚಿತ್ರ ಮಾತ್ರ ಸಪ್ಪೆ. ಪುಟಕ್ಕೆ ಒಂದೇ ಅಳತೆಯ ಆರು ಚೌಕ, ಆರರಲ್ಲೂ ಮೇಜರ್ ದರ್ಜಿ ಅಂಗಡಿಯ ಬೊಂಬೆಯಂತೆ ನಿಂತಿರುತ್ತಿದ್ದ. ಹಾರುವಾಗ ಇಸ್ತ್ರಿ ಮೇಜಿನ ಮೇಲೆ ಬೋರಲು ಮಲಗಿದವನ ಹಾಗೆ ಕಾಣುತ್ತಿದ್ದ. ಪುಸ್ತಕ ಅಂಗಡಿಗಳಿಂದ ಕಟ್ಟುಕಟ್ಟಾಗಿ ವಾಪಸು ಬರುತ್ತಿತ್ತು.

ಮರುವರ್ಷದ ವಸಂತದಲ್ಲಿ ಒಂದು ಶುಕ್ರವಾರ ಡ್ರಿಸ್ಕಾಲನ ಹೆಂಡತಿಗೆ ಹೆರಿಗೆ ನೋವು ಬಂದು, ಏನೋ ತೊಡಕಾಗಿ, ಅವನು ಕುಂಚ ಬಿಸುಟು ಆಸ್ಪತ್ರೆಗೆ ಓಡಿದ. ಸೋಮವಾರ ಅಚ್ಚಿಗೆ ಹೋಗಬೇಕಾದ ಕಥೆಯಲ್ಲಿ ಎರಡು ಪುಟ ಮಾತ್ರ ಆಗಿತ್ತು. ಗಿಟಲ್‌ಸನ್ ಬಾಯಲ್ಲಿ ಚುಟ್ಟ ಕಚ್ಚಿಕೊಂಡು ಸಾಲುಮೇಜುಗಳ ನಡುವೆ ಓಡಾಡಿದ. ಎಲ್ಲರ ಕೈಯಲ್ಲೂ ಅವರವರ ಕೆಲಸ ತುಂಬಿತ್ತು.

"ಆ ಹಂಗೇರಿಯವಳಿಗೆ ಕೊಡಿ," ಎಂದಳು ಬೆಸ್ ಕಪ್ಲೋವಿಟ್ಸ್. ಚಿತ್ರದೊಳಗಿನ ಮಾತುಗಳಿಗೆ ಅಕ್ಷರ ಬರೆಯುವವಳು ಅವಳು. ಬ್ರಾಂಕ್ಸಿನ ಹೆಂಗಸು, ನಾಲಿಗೆಗೆ ಉಪ್ಪು ಖಾರ ಎರಡೂ ಜಾಸ್ತಿ. "ಊಟದ ಹೊತ್ತಲ್ಲಿ ನನ್ನ ಮುಖ ಬರೆದ್ಕೊಟ್ಲು. ನನ್ನ ಗಂಡ ನೋಡಿ, ಇದು ನೀನೇ ಕಣೆ, ಸುಳ್ಳು ಹೇಳೋಕೆ ಜಾಗಾನೇ ಬಿಟ್ಟಿಲ್ಲ ಅಂದ."

"ಅಳಿಸೋಳ ಕೈಗೆ ಮೇಜರ್‌ನ ಕೊಡೋದಾ?"

"ಅವನು ಈಗಾಗ್ಲೇ ಅಳಿಸಿಹೋಗ್ತಿದಾನಲ್ಲ, ಮೋ."

ಶನಿವಾರ ಭಾನುವಾರ ಇಲ್ಕಾ ಅಡಿಗೆಮನೆಯ ಕಿಟಕಿ ಬೆಳಕಿನಲ್ಲಿ ಕೂತು ಬರೆದಳು. ಕಟ್ಟುತ್ತಿರುವ ಗೋಪುರದ ಮೇಲಿನ ಕ್ರೇನು ಮುರಿದು ಬೀಳುತ್ತದೆ, ಮೇಜರ್ ಹಾರಿ ಬಂದು ಹಿಡಿಯುತ್ತಾನೆ, ಇಷ್ಟೇ ಕಥೆ. ಅವಳಿಗೆ ಮೇಜರನ ಮೇಲೆ ಅಂಥ ಆಸಕ್ತಿಯಿರಲಿಲ್ಲ. ಕ್ರೇನಿನ ಕೆಳಗೆ ಯಾರಿದ್ದಾರೆ ಎಂದು ಯೋಚಿಸಿದಳು. ಅಟ್ಟಣೆಯ ಮೇಲಿದ್ದಾಗ ದಿನವಿಡೀ ಅವಳು ಕಂಡದ್ದು ಅದನ್ನೇ: ಕೆಳಗೆ ಬೀದಿಯಲ್ಲಿ ನಿಂತು ಕತ್ತೆತ್ತಿದ ಮುಖಗಳು. ಬಾಯಿ ತೆರೆದವರು, ಕಣ್ಣಿಗೆ ಕೈ ಅಡ್ಡ ಹಿಡಿದವರು, ಬಿದ್ದ ಟೋಪಿಯ ಕಡೆ ಗಮನವಿಲ್ಲದವರು. ಒಮ್ಮೆ ಅಲ್ಲಿಂದಲೇ ಇನ್ನೊಂದನ್ನೂ ನೋಡಿದ್ದಳು. ನಾಲ್ಕು ಮಂದಿ ಪುಂಡರು ಎದುರು ಅಂಗಡಿಯ ಯೆಹೂದಿ ದರ್ಜಿಯನ್ನು ಬೀದಿಗೆಳೆದು ಹೊಡೆಯುತ್ತಿದ್ದರು. ಸುತ್ತ ಟೋಪಿಗಳ ಒಂದು ಉಂಗುರ. ಒಂದು ಟೋಪಿಯೂ ಕದಲಲಿಲ್ಲ.

ಡ್ರಿಸ್ಕಾಲ್ ಬರೆದಿಟ್ಟ ಎರಡು ಪುಟ ಬದಿಗಿಟ್ಟು ಅವಳು ಆರು ಚೌಕ ಮುರಿದಳು. ಮೊದಲ ಪುಟವಿಡೀ ಮೇಲಿನಿಂದ ಕಂಡ ಬೀದಿ, ನೂರು ಮುಖ, ಅವುಗಳ ಮೇಲೆ ಹರಿದು ಬರುತ್ತಿರುವ ಒಂದು ನೆರಳು. ಮುಂದಿನ ಪುಟಗಳಲ್ಲಿ ತರಕಾರಿ ಚೀಲ ಹಿಡಿದ ಮುದುಕಿಯ ಕಣ್ಣು, ಪೊಲೀಸಿನವನ ಒಣಗಿದ ತುಟಿ. ಮೇಜರ್ ಕಾಣಿಸಿಕೊಳ್ಳುವುದು ಕೊನೆಗೆ, ಅದೂ ಪುಟದ ಮೇಲಂಚಿನಲ್ಲಿ ಒಂದು ಪಾದವಾಗಿ. ಆಮೇಲೆ ಕ್ರೇನಿನಷ್ಟೇ ದೊಡ್ಡದಾಗಿ, ಬೆನ್ನು ಬಾಗಿ, ಮಂಡಿ ನಡುಗುತ್ತ. ಅವನು ನೆಲಕ್ಕಿಳಿದಾಗ ಕಲ್ಲುಹಾಸು ಬಿರಿಯುತ್ತದೆ. ಭಾರ ಹೊತ್ತವನಿಗೆ ಭಾರ ಇರಬೇಕಲ್ಲ ಎಂದು ಅವಳ ಲೆಕ್ಕ.

ಸೋಮವಾರ ಗಿಟಲ್‌ಸನ್ ಹಾಳೆಗಳನ್ನು ಮೇಜಿನ ಮೇಲೆ ಹರಡಿ ನೋಡಿದ. ಚುಟ್ಟ ಆರಿಹೋಯಿತು.

"ನನ್ನ ಮೇಜರ್ ಎಲ್ಲಿ?"

"ಇಲ್ಲಿದಾನೆ," ಎಂದು ಇಲ್ಕಾ ತೋರಿಸಿದಳು.

"ಇದು ಕಾಲು. ಜನ ಹತ್ತು ಸೆಂಟು ಕೊಟ್ಟು ಕಾಲು ಕೊಂಡ್ಕೋತಾರಾ? ಕಟುಕನ ಅಂಗಡೀಲಿ ಅದಕ್ಕಿಂತ ಒಳ್ಳೇ ಕಾಲು ಸಿಗತ್ತೆ, ನೋಡಮ್ಮಾ."

ಆದರೆ ಬೇರೆ ಏನೂ ಇರಲಿಲ್ಲ. ಬೈದುಕೊಂಡೇ ಅಚ್ಚಿಗೆ ಕಳಿಸಿದ.

ಆ ಸಂಚಿಕೆ ವಾಪಸು ಬರಲಿಲ್ಲ. ಇನ್ನಷ್ಟು ಕಳಿಸಿ ಎಂದು ಅಂಗಡಿಗಳಿಂದ ಫೋನು ಬಂತು. ಹುಡುಗರು ಅಂಗಡಿ ಮುಂದೆ ನಿಂತು ಆ ಮೊದಲ ಪುಟವನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದಾರೆಂದು ಹಂಚುವವನು ಬಂದು ವರ್ಣಿಸಿದ. ಗಿಟಲ್‌ಸನ್ನನಿಗೆ ವ್ಯಾಪಾರದ ಮೂಗಿತ್ತು. ಎಲ್ಲರನ್ನೂ ಕರೆದು ನಿಲ್ಲಿಸಿ, "ಇನ್ಮೇಲೆ ಎಲ್ಲಾ ಪುಸ್ತಕನೂ ಹೀಗೇ. ನೆರಳು, ಮುಖ, ಮೇಲಿಂದ ಕೆಳಕ್ಕೆ. ಮೊದಲು ಹೆದರಿಸಿ, ಆಮೇಲೆ ಹೀರೋ," ಎಂದು ಅಪ್ಪಣೆ ಕೊಟ್ಟ. ಸಂಚಿಕೆಯ ಮೇಲೆ ಅಚ್ಚಾಗಿದ್ದ ಹೆಸರು ಹ್ಯಾಲ್ ಡ್ರಿಸ್ಕಾಲನದು. ಹಾಗಾಗಿ ಅದಕ್ಕೆ 'ಡ್ರಿಸ್ಕಾಲ್ ಶೈಲಿ' ಎಂಬ ಹೆಸರಾಯಿತು.

ಹೆಣ್ಣುಮಗುವಿನ ತಂದೆಯಾಗಿ ವಾಪಸು ಬಂದ ಡ್ರಿಸ್ಕಾಲ್ ಆ ಪುಟಗಳನ್ನು ಮತ್ತೆ ಮತ್ತೆ ತಿರುವಿ ನೋಡಿದ. ಆಮೇಲೆ ಇಲ್ಕಾಳ ಮೇಜಿನ ಬಳಿ ಬಂದು ಕುರ್ಚಿ ಎಳೆದುಕೊಂಡ.

"ನಾನು ನಿಮಗೆ ಸುಳ್ಳು ಹೇಳೋದಿಲ್ಲ, ಮಿಸ್ ಸಾಂತೋ. ಇದು ನನ್ನ ಕೈಲಾಗೋದಲ್ಲ. ನೀವು ಬರೀರಿ, ನಾನು ಶಾಯಿ ಹಾಕ್ತೀನಿ. ಹೆಸರಿನ ವಿಷಯ ನಾನು ಮೋ ಹತ್ರ ಮಾತಾಡ್ತೀನಿ."

ಅವನು ಮಾತಾಡಿದ್ದು ನಿಜ. ಆದರೆ ಇಂದು ನಾಳೆ ಎನ್ನುತ್ತ ಮಾತಾಡುವ ಹೊತ್ತಿಗೆ ಡಿಸೆಂಬರ್ ಬಂದಿತ್ತು, ಜಪಾನಿನವರು ಬಾಂಬು ಹಾಕಿದ್ದರು, ಹಂಗೇರಿ ಅಮೆರಿಕದ ಮೇಲೆ ಯುದ್ಧ ಸಾರಿತ್ತು.

"ಮೇಜರ್ ಕೋಬಾಲ್ಟ್ ಈಗ ಜರ್ಮನರನ್ನ ಹೊಡೀತಿದಾನೆ," ಎಂದ ಗಿಟಲ್‌ಸನ್. "ಅವನ ತಲೆ ಮೇಲೆ ಶತ್ರು ದೇಶದ ಹೆಸರು ಹಾಕಲಾ? ಅದರ ಮೇಲೆ ಹೆಂಗಸಿನ ಹೆಸರು. ನೋಡಮ್ಮಾ, ಹೆಸರು ಅನ್ನೋದು ಸೊಂಟ ಬಿಗಿಯೋ ಕಾರ್ಸೆಟ್ ಇದ್ದ ಹಾಗೆ. ಒಳಗೆ ಯಾರಿದಾರೆ ಅಂತ ಯಾರೂ ಕೇಳಲ್ಲ, ಹೊರಗೆ ಆಕಾರ ಸರಿಯಿದ್ರೆ ಸಾಕು."

"ಆ ದೇಶದವರೇ ನನ್ನನ್ನ ಓಡಿಸಿದ್ದು, ಮಿಸ್ಟರ್ ಗಿಟಲ್‌ಸನ್."

"ನಂಗೊತ್ತು. ಓಹಾಯೋದ ಅಂಗಡಿಯವನಿಗೆ ಗೊತ್ತಾ?"

ಡ್ರಿಸ್ಕಾಲ್ ಬಾಗಿಲ ಬಳಿ ನಿಂತು ಬೂಟಿನ ತುದಿ ನೋಡುತ್ತಿದ್ದ. ಮತ್ತೆ ಆ ಮಾತೆತ್ತಲಿಲ್ಲ. ತನ್ನದಲ್ಲದ ಹೊಗಳಿಕೆಗೆ ಮೊದಮೊದಲು ಮುಜುಗರಪಡುತ್ತಿದ್ದವನು ಬರುಬರುತ್ತ ತಲೆಬಾಗಲು ಕಲಿತ. ಮನುಷ್ಯ ಕೆಟ್ಟವನಲ್ಲ. ಬಿಸಿಲಿಗೆ ಕೂತವನು ಮೈ ಬೆಚ್ಚಗಾದಮೇಲೆ ಇದು ಯಾರ ಹಿತ್ತಲೆಂದು ಕೇಳುವುದಿಲ್ಲ, ಅಷ್ಟೆ.

ಭಾನುವಾರದ ಪತ್ರಿಕೆಯೊಂದರಿಂದ ವರದಿಗಾರ ಬಂದ ದಿನ ಇದು ಇಲ್ಕಾಳಿಗೆ ತಿಳಿಯಿತು. ಡ್ರಿಸ್ಕಾಲ್ ಪೈಪು ಹಚ್ಚಿಕೊಂಡು ಇಲ್ಕಾಳ ಮೇಜಿನ ಹಿಂದೆ ಕೂತಿದ್ದ. ಒಳ್ಳೆಯ ಬೆಳಕು ಬೀಳುತ್ತಿದ್ದದ್ದು ಅಲ್ಲಿ ಮಾತ್ರ. ಫೋಟೋದಲ್ಲಿ ಅವಳ ಅರ್ಧ ಬರೆದ ಹಾಳೆ ಅವನ ಮೊಣಕೈಯ ಕೆಳಗಿತ್ತು.

"ಈ ಜನರ ಮುಖ ಬರೆಯೋ ಯೋಚನೆ ಹೇಗೆ ಹೊಳೀತು, ಮಿಸ್ಟರ್ ಡ್ರಿಸ್ಕಾಲ್?" ಎಂದು ವರದಿಗಾರ ಕೇಳಿದ.

ಡ್ರಿಸ್ಕಾಲ್ ಒಂದು ಕ್ಷಣ ಇಲ್ಕಾಳ ಕಡೆ ನೋಡಿದ. ಗಿಟಲ್‌ಸನ್ ಗಂಟಲು ಸರಿಮಾಡಿಕೊಂಡ. "ಮಿಸ್ ಸಾಂತೋ, ಇವರಿಗೆ ಕಾಫಿ ತಂದುಕೊಡ್ತೀರಾ? ಕೆಳಗಡೆಯಿಂದ. ಸಕ್ಕರೆ ಬೇರೆ ಇಟ್ಟು."

ಅವಳು ಇಳಿದು ಹೋಗಿ ಕಾಫಿ ತಂದಳು. ಬರುವ ಹೊತ್ತಿಗೆ ಉತ್ತರ ಮುಗಿದಿತ್ತು. ಏನು ಹೇಳಿದನೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

"ಮುಖದ ಮೇಲೆ ಸುರಿಯಬೇಕಿತ್ತು ನೀನು," ಎಂದಳು ಬೆಸ್, ಅಕ್ಷರ ಬರೆಯುವ ನಿಬ್ಬು ಒರೆಸುತ್ತ.

"ಯಾರ ಮುಖದ ಮೇಲೆ?"

"ಮೊದ್ಲು ಮೋ ಮೇಲೆ. ಉಳಿದಿದ್ರೆ ಅವನ ಮೇಲೆ. ನಿಮ್ಮೂರಲ್ಲಿ ಕಾಫಿ ಬಿಸಿ ಇರ್ತಿರ್ಲಿಲ್ವಾ?"

ಆ ವರ್ಷ ಗಿಟಲ್‌ಸನ್ ಅವಳಿಂದ ಉಳಿದ ಕಲಾವಿದರಿಗೆ ಪಾಠ ಹೇಳಿಸಿದ. ಬೆಳಕು ಯಾವ ಕಡೆಯಿಂದ ಬಂದರೆ ಮುಖ ಹೆದರುತ್ತದೆ, ಬೀಳುವ ಮೈಯ ಭಾರ ಯಾವ ಹೆಗಲಿಗೆ ಬರುತ್ತದೆ, ಗುಂಪಿನಲ್ಲಿ ಯಾರನ್ನು ಬೇರೆ ಕಡೆ ನೋಡುತ್ತಿರುವಂತೆ ಬರೆಯಬೇಕು. ಅವಳು ಖುಷಿಯಿಂದಲೇ ಕಲಿಸಿದಳು. ಕಲಿತವರು ಬೇರೆ ಕಂಪನಿಗಳಿಗೆ ಹೋದರು, ಅಲ್ಲಿಯವರು ಇವರನ್ನು ನೋಡಿ ಕಲಿತರು. ಒಂದು ಸಂಜೆ ಎಂಬತ್ತಾರನೇ ಬೀದಿಯ ಪತ್ರಿಕೆ ಅಂಗಡಿಯೆದುರು ಅಣ್ಣನ ಜೊತೆ ನಿಂತಾಗ ಇಲ್ಕಾ ಬೆರಗಾದಳು. ಸಾಲಿಗೆ ಸಾಲು ಮುಖಪುಟ, ಯಾವ್ಯಾವುದೋ ಕಂಪನಿಯವು, ಯಾವ್ಯಾವುದೋ ಬಣ್ಣದ ಶೂರರು. ಎಲ್ಲದರಲ್ಲೂ ಕೆಳಗೆ ಕತ್ತೆತ್ತಿದ ಮುಖಗಳು, ಎಲ್ಲದರಲ್ಲೂ ಉದ್ದ ನೆರಳು.

"ಇದರಲ್ಲಿ ನಿಂದು ಯಾವುದು?" ಎಂದು ಮಿಕ್ಲೋಶ್ ಕೇಳಿದ.

"ಎಲ್ಲಾನೂ."

"ಹಾಗಂದ್ರೆ ಯಾವುದೂ ಅಲ್ಲ."

ಅವಳಿಗೆ ಸಿಟ್ಟು ಬಂತು. ಆದರೂ ಆ ಸಂಜೆ ಅವಳು ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ. ಒಂದು ಊರಿಡೀ ತನ್ನ ಕಣ್ಣಿನಿಂದ ನೋಡುತ್ತಿದೆ ಎಂಬ ಹಿಗ್ಗು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಡ್ರಿಸ್ಕಾಲ್ ಸೈನ್ಯಕ್ಕೆ ಹೋದ. ಎರಡು ಮೂರು ವರ್ಷ ಮೇಜರ್ ಕೋಬಾಲ್ಟನ ಪುಟ ಪುಟವನ್ನೂ ಇಲ್ಕಾ ಒಬ್ಬಳೇ ಬರೆದಳು, ಶಾಯಿಯನ್ನೂ ತಾನೇ ಹಾಕಿದಳು. ಹೆಸರು ಅವನದೇ ನಡೆಯಿತು. ಯುದ್ಧಕ್ಕೆ ಹೋದವನು ತಿಂಗಳು ತಿಂಗಳು ಪುಸ್ತಕ ಹೇಗೆ ಬರೆಯುತ್ತಾನೆಂದು ಓಹಾಯೋದವರು ಯಾರೂ ಕೇಳಲಿಲ್ಲ. ಸೈನಿಕರ ಶಿಬಿರಗಳಲ್ಲಿ ಅವನು ದೊಡ್ಡ ಮನುಷ್ಯನಾದ. ಒಬ್ಬ ಸೇನಾಪತಿಯ ಊಟದ ಮನೆಗೆ ಗೋಡೆಚಿತ್ರ ಬರೆಯಲು ಹೇಳಿದರಂತೆ, ಕೈ ಉಳುಕಿದೆ ಎಂದು ತಪ್ಪಿಸಿಕೊಂಡನಂತೆ. ಇದನ್ನು ಅವನೇ ಬೆಸ್‌ಗೆ ಆಮೇಲೆ ನಗುತ್ತ ಹೇಳಿದ್ದು.

ಯುದ್ಧ ಮುಗಿದು ಅವನು ವಾಪಸು ಬಂದ ವಸಂತದಲ್ಲೇ ಯೂಡಿತ್ ಎಂಬ ಹುಡುಗಿ ಯಾರ್ಕ್‌ವಿಲ್‌ಗೆ ಬಂದಳು. ಇಲ್ಕಾಳ ತಾಯಿಯಿದ್ದ ಕಟ್ಟಡದಲ್ಲೇ ಬೆಳೆದವಳು. ಕಾವಲುಗಾರ ಅವಳನ್ನು ಕಲ್ಲಿದ್ದಲಿನ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಉಳಿಸಿದ್ದ. ತಾಯಿ ಇಲ್ಲವೆಂಬುದು ಮಕ್ಕಳಿಗೆ ಆಗಲೇ ಗೊತ್ತಾಗಿತ್ತು, ಹೇಗೆಂಬುದು ಗೊತ್ತಿರಲಿಲ್ಲ. ಯೂಡಿತ್ ಅಡಿಗೆಮನೆಯ ಕುರ್ಚಿಯಲ್ಲಿ ಕೋಟು ಬಿಚ್ಚದೆ ಕೂತು ಹೇಳಿದಳು.

"ಚಳಿಗಾಲದ ಬೆಳಿಗ್ಗೆ. ಹಸಿರು ಅಂಗಿಯವರು, ನಮ್ಮೂರಿನ ನಾಜಿಗಳು, ಬಂದ್ರು. ಯೆಹೂದಿಗಳನ್ನೆಲ್ಲಾ ಕೆಳಗಿನ ಅಂಗಳಕ್ಕೆ ಇಳಿಸಿದ್ರು. ನಾನು ಕಿಂಡಿಯಿಂದ ನೋಡ್ದೆ. ನಿಮ್ಮಮ್ಮ ಮನೆ ಚಪ್ಪಲೀಲೇ ಇದ್ರು. ಹೊಳೆ ಕಡೆ ಕರ್ಕೊಂಡು ಹೋದ್ರು. ದಂಡೇಲಿ ನಿಲ್ಲಿಸಿ ಗುಂಡು ಹಾರಿಸಿದ್ರಂತೆ."

"ಬೇರೆಯವರು?" ಎಂದು ಮಿಕ್ಲೋಶ್ ಕೇಳಿದ. "ಮಹಡಿ ಮೇಲಿನವರು? ಅವರನ್ನ ಮುಟ್ಟಿರಲಿಲ್ಲವಲ್ಲ?"

"ಅವರು ಮೊಗಸಾಲೇಲಿ ನಿಂತಿದ್ರು. ಮೂರೂ ಮಹಡೀಲಿ. ಕಂಬಿ ಹಿಡ್ಕೊಂಡು ಕೆಳಗೆ ನೋಡ್ತಿದ್ರು."

"ಯಾರೂ ಏನೂ ಅನ್ಲಿಲ್ವಾ?"

"ಇಲ್ಲ. ನಿಮ್ಮಮ್ಮ ಒಂದ್ಸಲ ತಲೆ ಎತ್ತಿ ನೋಡಿದ್ರು. ಎಲ್ಲಾ ಮಹಡೀನೂ ನೋಡಿದ್ರು."

ಬೇಕರಿಯಿಂದ ತಂದಿಟ್ಟ ಗಸಗಸೆ ಸುರುಳಿಯನ್ನು ಯಾರೂ ಮುಟ್ಟಲಿಲ್ಲ. ಹುಡುಗಿ ಹೋಗುವಾಗ ಮಿಕ್ಲೋಶ್ ಅದನ್ನೇ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ.

ಆ ತಿಂಗಳ ಮೇಜರ್ ಕೋಬಾಲ್ಟನಿಗೆ ಇಲ್ಕಾ ಬರೆದ ಕಥೆ ಹೀಗಿತ್ತು: ಒಂದು ಕಟ್ಟಡದ ಅಂಗಳ, ಮೂರು ಮಹಡಿ ಮೊಗಸಾಲೆ, ಕಂಬಿಗಳ ಹಿಂದೆ ಕೆಳಗೆ ನೋಡುವ ಮುಖಗಳು. ಅಂಗಳದಲ್ಲಿ ಕೋವಿ ಹಿಡಿದವರ ನಡುವೆ ಮನೆ ಚಪ್ಪಲಿಯ ಒಬ್ಬ ಮುದುಕಿ. ಇಷ್ಟು ವರ್ಷ ಗುಂಪಿಗೆ ಗುಂಪೇ ಮೇಲೆ ನೋಡುವಂತೆ ಬರೆದವಳು ಈಗ ಒಬ್ಬಳನ್ನು ಮಾತ್ರ ಹಾಗೆ ಬರೆದಳು. ಮುದುಕಿ ಮಹಡಿಗಳನ್ನು ನೋಡುತ್ತಾಳೆ, ಅದರಾಚೆ ಆಕಾಶ ನೋಡುತ್ತಾಳೆ. ಆಕಾಶದಲ್ಲಿ ಯಾರೂ ಇಲ್ಲ. ಕೊನೆಯ ಪುಟದಲ್ಲಿ ಬರಿದಾದ ಅಂಗಳ, ಕದ ಹಾಕಿಕೊಳ್ಳುತ್ತಿರುವ ಮನೆಗಳು. ಮೇಜರ್ ಹವಾಮಾನ ಕಚೇರಿಯಲ್ಲಿ ಕೂತು ಮರುದಿನದ ಮಂಜಿನ ವರದಿ ಬರೆಯುತ್ತಿರುತ್ತಾನೆ.

ಅವಳು ತನ್ನ ಬಾಳಿನಲ್ಲಿ ಬರೆದದ್ದರಲ್ಲೆಲ್ಲ ಅದೇ ಮೇಲು. ಅದು ಅವಳಿಗೂ ಗೊತ್ತಿತ್ತು, ಹಾಳೆ ತಿರುವಿ ಹಾಕಿದ ಗಿಟಲ್‌ಸನ್ನನಿಗೂ ಗೊತ್ತಾಯಿತು. ಆತ ಬಾಗಿಲು ಹಾಕಿ ಬಂದು ಕೂತ.

"ಮೇಜರ್ ಯಾವಾಗ ಬರ್ತಾನೆ?"

"ಬರೋದಿಲ್ಲ."

"ಯಾಕೆ ಬರೋದಿಲ್ಲ?"

"ಬರಲಿಲ್ಲ. ಅದಕ್ಕೆ."

ಗಿಟಲ್‌ಸನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನೋಡು, ನಂಗೆ ಹೇಳಿಕೊಡಬೇಡ. ಜರ್ಮನರು ನುಗ್ಗಿದಾಗ ನಮ್ಮಪ್ಪನ ಕಡೆಯವರೆಲ್ಲಾ ಬಿಯಾಲಿಸ್ಟಾಕ್‌ನಲ್ಲಿದ್ರು. ಈಗ ಹೆಸರು ಕರೆದ್ರೆ ಓ ಅನ್ನೋಕೆ ಒಬ್ಬನೂ ಇಲ್ಲ. ಆದ್ರೆ ಹತ್ತು ಸೆಂಟು ಕೊಡೋ ಹುಡುಗ ಇದಕ್ಕೆ ಕೊಡ್ತಾನಾ? ಅವನು ಕೊಡೋದು ಮೇಜರ್ ಬರ್ತಾನೆ ಅಂತ."

"ಹಾಗಿದ್ರೆ ಮೊಗಸಾಲೆಯಿಂದ ಒಬ್ಬ ಇಳಿದು ಬರೋ ಹಾಗೆ ಬರೀತೀನಿ. ಒಬ್ಬನೇ. ಉಡುಪಿಲ್ಲದವನು, ಹಾರದವನು."

"ಜನಾನೇ ಇಳಿದು ಬಂದ್ರೆ ಮೇಜರ್ ಯಾಕಮ್ಮಾ ಬೇಕು? ನಾನು ಅಂಗಡಿ ಮುಚ್ಚಬೇಕಾಗತ್ತೆ."

"ಮುಚ್ಚಿ," ಎಂದಳು ಇಲ್ಕಾ.

ಅವನು ಅಂಗಡಿ ಮುಚ್ಚಲಿಲ್ಲ. ಪುಸ್ತಕ ಅಚ್ಚಾಗಿ ಬಂದಾಗ ಅವಳು ನೋಡಿದಳು. ಅಂಗಳ, ಮೊಗಸಾಲೆ, ಮುಖಗಳು ಎಲ್ಲ ಹಾಗೇ ಇದ್ದವು. ಅಚ್ಚಿಗೆ ಕಳಿಸುವ ಮುನ್ನ, ಮುದುಕಿ ಆಕಾಶ ನೋಡುವ ಪುಟದ ಮೇಲೆ ಇನ್ನೊಂದು ಕಾಗದ ಕತ್ತರಿಸಿ ಅಂಟಿಸಿದ್ದರು. ಅದರಲ್ಲಿ ಡ್ರಿಸ್ಕಾಲನ ಕೈಯ ಮೇಜರ್, ಬೋರಲು ಮಲಗಿದ ಹಾಗೆ ಹಾರುತ್ತ, ಹಲ್ಲು ಕಿರಿಯುತ್ತ ಬರುತ್ತಿದ್ದ. ಕೊನೆಯ ಪುಟವನ್ನೇ ತೆಗೆದು ಹೊಸದು ಹಾಕಿದ್ದರು. ಹಸಿರು ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಮುದುಕಿ ಮೇಜರನ ತೋಳಿನಲ್ಲಿದ್ದಳು. ಅವಳ ಬಾಯಿಂದ ಹೊರಟ ಮಾತಿನ ಗುಳ್ಳೆಯಲ್ಲಿ ಬೆಸ್‌ಳ ದುಂಡು ಅಕ್ಷರ: "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು, ಮೇಜರ್."

ಇಲ್ಕಾ ಪುಸ್ತಕವನ್ನು ಬೆಸ್‌ಳ ಮೇಜಿನ ಮೇಲಿಟ್ಟಳು.

"ಅವರು ಬರೆದುಕೊಟ್ರು, ನನ್ನ ಕೈ ಬರೀತು," ಎಂದಳು ಬೆಸ್. "ನಾನು ಓದಲಿಲ್ಲ. ಇಷ್ಟು ವರ್ಷದಲ್ಲಿ ನಾನು ಯಾವುದನ್ನೂ ಓದಿಲ್ಲ, ದೇವರಾಣೆ."

ಡ್ರಿಸ್ಕಾಲ್ ಎದ್ದು ಬಂದ. "ಮೋ ಹೇಳಿದ್ಮೇಲೆ ನಾನೇನು ಮಾಡ್ಲಿ, ಇಲ್ಕಾ? ಮನೇಲಿ ಎರಡು ಮಕ್ಕಳು. ನಿಮ್ಮಮ್ಮನ ವಿಷಯ ಬೆಸ್ ಆಮೇಲೆ ಹೇಳಿದ್ಲು. ಮೊದ್ಲೇ ಗೊತ್ತಿದ್ರೆ..."

"ಮೊದ್ಲೇ ಗೊತ್ತಿದ್ರೆ ಇನ್ನೂ ಚೆನ್ನಾಗಿ ಬರೀತಿದ್ರಾ?"

ಅವನ ಮುಖ ಕೆಂಪೇರಿತು. ಅವಳು ತನ್ನ ಕುಂಚಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು, ಮೆಟ್ಟಿಲಿಳಿದು ಹೋದಳು. ಯಾರೂ ತಡೆಯಲಿಲ್ಲ. ಆ ಸಂಚಿಕೆ ಹಿಂದಿನ ಎಲ್ಲ ಸಂಚಿಕೆಗಳಿಗಿಂತ ಹೆಚ್ಚು ಮಾರಾಟವಾಯಿತು.

ಬೇರೆ ಕಂಪನಿಗಳಲ್ಲಿ ಕೆಲಸ ಸಿಗುವುದು ಕಷ್ಟವಾಗದೆಂದು ಅವಳು ತಿಳಿದಿದ್ದಳು. ಚಿತ್ರಗಳ ಚೀಲ ಹೊತ್ತು ಒಂದೊಂದೇ ಕಚೇರಿ ಹತ್ತಿಳಿದಳು. ಯುದ್ಧದಿಂದ ಬಂದ ಗಂಡಸರು ಎಲ್ಲ ಮೇಜುಗಳನ್ನೂ ತುಂಬಿದ್ದರು. ಒಂದು ಕಡೆ ಸಂಪಾದಕನೊಬ್ಬ, ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವನು, ಚಿತ್ರಗಳನ್ನು ಮರ್ಯಾದೆಯಿಂದಲೇ ನೋಡಿದ.

"ಕೈ ಪಳಗಿದೆ, ಮೇಡಂ. ಆದ್ರೆ ಇದು ಪೂರ್ತಿ ಡ್ರಿಸ್ಕಾಲ್. ನೆರಳು, ಗುಂಪು, ಎಲ್ಲಾ. ಡ್ರಿಸ್ಕಾಲ್ ಥರ ಬರೆಯೋರು ನನ್ನ ಹತ್ರ ಬೇಕಾದಷ್ಟಿದಾರೆ."

"ಡ್ರಿಸ್ಕಾಲ್ ಬರೆದದ್ದೇ ನಾನು," ಎಂದಳು ಇಲ್ಕಾ. ಅವಳ ಇಂಗ್ಲಿಷು ಆ ಹೊತ್ತಿನಲ್ಲಿ ಕೈಕೊಟ್ಟಿತು. ಏನು ಹೇಳಬೇಕೋ ಅದು ಹೀಗೆ ಹೊರಬಿತ್ತು.

ಅವನು ಕನಿಕರದಿಂದ ನಕ್ಕ. "ಎಲ್ಲರೂ ಅವನನ್ನ ನೋಡೇ ಕಲಿತಿದ್ದು, ಮೇಡಂ. ನಾಚಿಕೆ ಪಡೋ ವಿಷಯ ಅಲ್ಲ. ನಿಮ್ಮದೇ ಆದದ್ದು ಏನಾದ್ರೂ ಬರೆದು ತನ್ನಿ, ನೋಡೋಣ."

ಆ ದಿನ ಅವಳು ಮನೆಗೆ ಹೋಗಿ ತನ್ನದೇ ಆದದ್ದನ್ನು ಬರೆಯಲು ಕೂತಳು. ಬರೆದದ್ದೆಲ್ಲ ಡ್ರಿಸ್ಕಾಲನದಾಗಿ ಕಂಡಿತು. ಮುಖ ಬರೆದರೆ ಅವನದು, ನೆರಳು ಬರೆದರೆ ಅವನದು. ತನ್ನ ಸ್ವಂತ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಬೇರೆಯವರನ್ನು ಕೇಳುವ ಸ್ಥಿತಿ. ಹೊಸದೇನಾದರೂ ಹುಡುಕಬಹುದಿತ್ತೋ ಏನೋ. ಆದರೆ ಮನುಷ್ಯನಿಗೆ ಕಣ್ಣು ಎರಡು ಸಲ ಹುಟ್ಟುವುದಿಲ್ಲ. ಕೆಲವು ವಾರ ಕಳೆದ ಮೇಲೆ ಅವಳು ಪ್ರಯತ್ನ ಬಿಟ್ಟಳು.

ಆಗ ಕೈಯಲ್ಲಿ ಚಿತ್ರ ಬರೆದ ನೆಕ್‌ಟೈಗಳ ಹುಚ್ಚು ಹತ್ತಿದ್ದ ಕಾಲ. ಮೂವತ್ತನೇ ಬೀದಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಇಲ್ಕಾ ರೇಷ್ಮೆಯ ಮೇಲೆ ತಾಳೆಮರ ಮತ್ತು ಮುಳುಗುವ ಸೂರ್ಯ ಬರೆಯುವ ಕೆಲಸಕ್ಕೆ ಸೇರಿದಳು. ದಿನವಿಡೀ ಅದೇ ತಾಳೆಮರ. ಮಿಕ್ಲೋಶ್ ಪರೀಕ್ಷೆಗಳನ್ನು ಮತ್ತೆ ಕಟ್ಟಿ, ಈ ದೇಶದ ದಂತವೈದ್ಯನಾಗಿ, ಒಬ್ಬ ವಿಧವೆಯನ್ನು ಮದುವೆಯಾಗಿ ಕ್ವೀನ್ಸಿಗೆ ಹೋದ. "ಬಾ, ನಮ್ಮ ಜೊತೆಗಿರು," ಎಂದು ಕರೆದ. ಅವಳು ಹೋಗಲಿಲ್ಲ.

ಬೆಸ್‌ಳ ಜೊತೆ ಮಾತು ಬಿಟ್ಟದ್ದು ಬಹಳ ಕಾಲ ನಡೆಯಿತು. ಆಮೇಲೆ ಒಂದು ದಿನ ಬೆಸ್ ತಾನಾಗಿಯೇ ನೆಕ್‌ಟೈ ಕಾರ್ಖಾನೆಯ ಬಾಗಿಲಿಗೆ ಬಂದು, "ಬೈಯೋದಿದ್ರೆ ಬೈದುಬಿಡು, ಕಾಲು ನೋಯ್ತಿದೆ," ಎಂದಳು. ಇಲ್ಕಾ ಬೈಯಲಿಲ್ಲ. ಅಂದಿನಿಂದ ಆಗೀಗ ಇಬ್ಬರೂ ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಕೂಡುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೆರಡರ ಶರತ್ಕಾಲದಲ್ಲಿ ಬೆಸ್ ಹೊಸ ಟೋಪಿ ಹಾಕಿಕೊಂಡು ಬಂದು ಕೂತಳು. ಹಿಂದಿನ ವಾರ ಚಿತ್ರಗಾರರ ಸಂಘದವರು ಡ್ರಿಸ್ಕಾಲನಿಗೆ ಸನ್ಮಾನದ ಔತಣ ಇಟ್ಟಿದ್ದರು. ಅವಳನ್ನೂ ಕರೆದಿದ್ದರು, ಹಿಂದಿನ ಸಾಲಿಗೆ.

"ಹೇಳಲಾ, ಬೇಡ್ವಾ?"

"ಹೇಳೋಕೇ ತಾನೇ ಬಂದಿರೋದು."

"ಭಾಷಣ ಮಾಡ್ದ. ಆ ಮುಖಗಳ ಯೋಚನೆ ಹೇಗೆ ಬಂತು ಅಂತ ಹೇಳ್ದ. ಅವನ ಮಗಳು ಕೈಗೂಸಾಗಿದ್ದಾಗ ಹೆಗಲ ಮೇಲೆ ಕೂರಿಸ್ಕೊಂಡು ಬಾಣಬಿರುಸು ತೋರಿಸೋಕೆ ಹೋಗಿದ್ನಂತೆ. ಜನ ಎಲ್ಲಾ ಮೇಲೆ ನೋಡ್ತಿದ್ರಂತೆ. ಮಗು ಮಾತ್ರ ಜನರನ್ನ ನೋಡ್ತಿತ್ತಂತೆ."

ಇಲ್ಕಾ ಚಮಚದಿಂದ ಸೂಪು ಕದಡಿದಳು. ಆ ಮಗು ಹುಟ್ಟಿದ್ದೇ ಆ ಪುಟಗಳನ್ನು ಬರೆದ ವಾರ. "ಒಳ್ಳೇ ಕಥೆ," ಎಂದಳು.

"ಅಲ್ಲಿದ್ದ ಹೆಂಗಸರು ಕರ್ಚೀಫು ತೆಗೆದ್ರು ಕಣೆ. ಮೊದಮೊದ್ಲು ಸುಳ್ಳು ಅಂತ ಗೊತ್ತಿದ್ದೇ ಹೇಳ್ತಿದ್ನೇನೋ. ಈಗ ಅವನ ಮುಖ ನೋಡಿದ್ರೆ, ಅವನೇ ನಂಬಿದಾನೆ ಅನ್ಸತ್ತೆ."

"ನನ್ನ ಹೆಸರು?"

"ಕೊನೇಲಿ ಹೇಳ್ದ, ನಮ್ಮ ಕುಂಚ ತೊಳೆದುಕೊಟ್ಟ ಹೆಣ್ಣುಮಕ್ಕಳಿಗೂ ವಂದನೆ ಅಂತ. ಮೋ ಜೋರಾಗಿ ಚಪ್ಪಾಳೆ ಹೊಡ್ದ. ನಾನು ಎದ್ದು ನಿಂತು ಹೇಳಬೇಕು ಅಂದ್ಕೊಂಡೆ, ಇಲ್ಕಾ. ಕುರ್ಚಿ ಹಿಂದಕ್ಕೂ ತಳ್ಳಿದ್ದೆ."

"ಆಮೇಲೆ?"

"ಪಕ್ಕದಲ್ಲಿ ಗಂಡ ಇದ್ದ. ಮೋ ಇನ್ನೂ ಸಂಬಳ ಕೊಡ್ತಿದಾನೆ. ಎಲ್ಲರೂ ತಿರುಗಿ ನೋಡಿದ್ರು. ಕೂತ್ಕೊಂಡೆ."

ಇಲ್ಕಾ ಸೂಪಿನ ಬಟ್ಟಲು ಬದಿಗೆ ಸರಿಸಿದಳು. ಅವಳ ಉಗುರುಸಂದಿಗಳಲ್ಲಿ ತಾಳೆಮರದ ಹಸಿರು ಅಂಟಿತ್ತು. ಅದನ್ನು ಕೆರೆಯುತ್ತ ಕೇಳಿದಳು.

"ಊಟಕ್ಕೇನಿತ್ತು?"

"ಕೋಳಿ. ಒಣಗಿ ಕೊರಡಾಗಿತ್ತು."

"ಒಳ್ಳೇದಾಯ್ತು," ಎಂದು ಇಲ್ಕಾ ಬ್ರೆಡ್ಡು ಮುರಿದಳು.